ಲಕ್ಷದಲ್ಲಿ ಉಳಿದ ಒಂದು ದಳ

ಅರವತ್ತೊಂಬತ್ತು ಪತ್ರೆ, ಮೇಲೆ ಒಂದು ದಳ.

ಒಂದು ಶನಿವಾರ ಸಂಜೆ ಐದೂ ಮುಕ್ಕಾಲಿಗೆ ನಮ್ಮ ಅಜ್ಜಿ ಕೇಳಿದ ಲೆಕ್ಕಕ್ಕೆ ನಾನು ಕೊಟ್ಟ ಉತ್ತರ ಇದು. ಉತ್ತರ ಸರಿಯಾಗಿತ್ತು. ಎರಡು ಸಲ ತಾಳೆ ನೋಡಿಯೇ ಹೇಳಿದ್ದೆ. ಮುಂದಿನ ಎರಡು ದಿನಗಳಲ್ಲಿ ನಡೆದ ಸಕಲ ಅನಾಹುತಗಳಿಗೂ ಅದು ಸರಿಯಾಗಿದ್ದದ್ದೇ ಕಾರಣ. ತಪ್ಪು ಹೇಳಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು.

ಆರು ವರ್ಷದ ಹಿಂದೆ ನಾನು ಗಣಿತದ ಎಂ.ಎಸ್ಸಿ. ಕೊನೆಯ ಪರೀಕ್ಷೆ ಬರೆದು, ತರೀಕೆರೆಯ ಮನೆಗೆ ಬಂದು ಉಗುರು ಕಚ್ಚುತ್ತ ಕೂತಿದ್ದಾಗ ಅಜ್ಜಿ ಒಂದು ಹರಕೆ ಹೊತ್ತರು. ಮೊಮ್ಮಗಳು ಪಾಸಾದರೆ ಶಿವನಿಗೆ ಲಕ್ಷ ದಳ ಬಿಲ್ವ ಏರಿಸುತ್ತೇನೆ ಎಂದು. ಇಲ್ಲಿ ‘ದಳ’ ಎಂಬುದನ್ನು ಗಮನಿಸಬೇಕು. ಬಿಲ್ವದ ಒಂದು ಪತ್ರೆಯಲ್ಲಿ ಮೂರು ದಳಗಳಿರುತ್ತವೆ. ತಾತ ಇದ್ದಾಗ ನಮ್ಮ ದಿನಸಿ ಅಂಗಡಿಯ ತಕ್ಕಡಿಯನ್ನು ಮೂವತ್ತು ವರ್ಷ ಹಿಡಿದವರು ಅಜ್ಜಿ. ಮಾತನ್ನಾದರೂ ತೂಗದೆ ಕೊಟ್ಟವರಲ್ಲ.

“ಪತ್ರೆ ಅಂದಿದ್ರೆ ಲಕ್ಷ ಪತ್ರೆ ಏರಿಸ್ಬೇಕಾಗಿತ್ತು ಕಣೇ. ದಳ ಅಂದೆ. ಮೂರರಲ್ಲಿ ಒಂದು ಪಾಲಿಗೇ ಮುಗೀತದೆ. ಶಿವನೂ ಒಪ್ಕೊಂಡ, ನೀನೂ ಪಾಸಾದೆ,” ಎಂದು ಅಜ್ಜಿ ಆಗಾಗ ಹೇಳಿ ನಗುತ್ತಿದ್ದರು. ನನ್ನ ಪದವಿ ಹೀಗೆ ಸಗಟು ದರದಲ್ಲಿ ದೊರೆತದ್ದು!

ಪ್ರತಿ ಸೋಮವಾರ ನೂರೆಂಟು ಪತ್ರೆ. ಏರಿಸಿ ಮುಗಿದ ಮೇಲೆ ಹಳೆಯ ಹಾಲಿನ ಪುಡಿಯ ಡಬ್ಬಿಗೆ ಒಂದು ಹುಣಸೆ ಬೀಜ. ಆ ಡಬ್ಬಿ ಈಗ ಅಲುಗಾಡಿಸಿದರೂ ಸದ್ದು ಮಾಡದಷ್ಟು ತುಂಬಿತ್ತು. ಅಜ್ಜಿಯ ಕಣ್ಣುಗಳಲ್ಲಿ ಪೊರೆಯೂ ಅಷ್ಟೇ ತುಂಬಿತ್ತು. ಹಿಂದಿನ ವಾರ ಬಾಗಿಲ ಬಳಿ ಇಳಿಸಿದ್ದ ಗ್ಯಾಸ್ ಸಿಲಿಂಡರನ್ನು “ಬಾರಮ್ಮ, ಯಾಕೆ ಅಲ್ಲೇ ನಿಂತ್ಕೊಂಡೆ?” ಎಂದು ಒಳಗೆ ಕರೆದಿದ್ದರು. ಅದಕ್ಕೆ ನಾವು ನಕ್ಕೆವು. ಆದರೆ ಮರುದಿನ ಹಿತ್ತಲ ಮೆಟ್ಟಿಲು ಕಾಣದೆ ಬಿದ್ದು ಮಂಡಿ ಒಡೆದುಕೊಂಡಾಗ ಯಾರೂ ನಗಲಿಲ್ಲ. ಶಿವಮೊಗ್ಗದ ಡಾಕ್ಟರು, ಪೊರೆ ಪೂರ್ತಿ ಬಲಿತಿದೆ, ಇನ್ನು ಮುಂದೂಡಿದರೆ ತೊಂದರೆ ಎಂದು ಗದರಿಸಿ ಆಪರೇಷನ್ನಿಗೆ ಮಂಗಳವಾರ ಗೊತ್ತುಮಾಡಿದ್ದರು. ಅದಕ್ಕೆ ಮೊದಲು ಎರಡು ಸಲ ಅಜ್ಜಿ ತಪ್ಪಿಸಿಕೊಂಡಿದ್ದರು. ಹರಕೆ ಮುಗಿಯದೆ ಕಣ್ಣಿಗೆ ಕೈ ಹಾಕಿಸುವುದಿಲ್ಲ ಎಂಬುದು ಅವರ ಹಟ. ಈಗ ಸೋಮವಾರ ಹರಕೆ ಮುಗಿಯುತ್ತದೆ, ಮಂಗಳವಾರ ಆಪರೇಷನ್. ಎಲ್ಲವೂ ಹೊಂದಿಕೊಂಡು ಬಂದಿತ್ತು, ನನ್ನನ್ನು ಲೆಕ್ಕ ಕೇಳುವವರೆಗೆ.

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ. ಅಲ್ಲಿ ನನ್ನ ಮಾತನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಅನಾಹುತಗಳಾಗುವುದಿಲ್ಲ. ಮನೆಯಲ್ಲಿ ಹಾಗಲ್ಲ. ಶನಿವಾರ ಬಸ್ಸಿಳಿದು ಬಂದು ಕೈಕಾಲು ತೊಳೆಯುತ್ತಿದ್ದಂತೆಯೇ ಅಜ್ಜಿ ಕೂಗಿದರು.

“ಲೇ ಶೈಲಾ, ನಾಡಿದ್ದು ಕೊನೇ ಸೋಮವಾರ. ಎಷ್ಟು ಪತ್ರೆ ಬೇಕು ಅಂತ ಲೆಕ್ಕ ಹಾಕು. ರಜಿಯಾಗೆ ಹೇಳ್ಬೇಕು.”

ರಜಿಯಾ ಆಂಟಿ ನಮ್ಮ ಪಕ್ಕದ ಮನೆಯವರು. ಆ ಮನೆಯ ಹಿತ್ತಲಲ್ಲಿ ಹಿಂದಿನವರು ನೆಟ್ಟು ಹೋದ ಒಂದು ಬಿಲ್ವದ ಮರವಿದೆ. ಆರು ವರ್ಷದಿಂದ ಪ್ರತಿ ಭಾನುವಾರ ಸಂಜೆ ಪತ್ರೆ ಕುಯ್ದಿಟ್ಟು, ಸೋಮವಾರ ಬೆಳಿಗ್ಗೆ ಬುಟ್ಟಿಯಲ್ಲಿ ತಂದುಕೊಡುವುದು ಅವರೇ. ಸೋಮವಾರದ ದಿನ ಬಿಲ್ವ ಕುಯ್ಯಬಾರದು ಎಂಬುದನ್ನು ಅಜ್ಜಿ ಅವರಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಬುದ್ಧಿಯಿದ್ದವರಾದರೆ “ಒಂದು ಎಪ್ಪತ್ತು ಸಾಕಜ್ಜಿ” ಎಂದು ಹೇಳಿ ಕಾಫಿ ಕುಡಿಯುತ್ತಿದ್ದರು. ನನ್ನಲ್ಲಿ ಎಂ.ಎಸ್ಸಿ. ಇತ್ತು. ಡಬ್ಬಿಯನ್ನು ಚಾಪೆಯ ಮೇಲೆ ಸುರಿದು ಬೀಜ ಎಣಿಸಿದೆ. ಮುನ್ನೂರ ಎಂಟು. ಮತ್ತೆ ಎಣಿಸಿದೆ. ಮುನ್ನೂರ ಎಂಟೇ. ನೂರೆಂಟರಿಂದ ಗುಣಿಸಿದರೆ ಮೂವತ್ತಮೂರು ಸಾವಿರದ ಇನ್ನೂರ ಅರವತ್ತನಾಲ್ಕು ಪತ್ರೆ. ಅದರ ಮೂರರಷ್ಟು ದಳ. ಲಕ್ಷಕ್ಕೆ ಇನ್ನೂರ ಎಂಟು ದಳ ಕಡಿಮೆ. ಅದನ್ನು ಮೂರರಿಂದ ಭಾಗಿಸಿದೆ. ನಂತರ ಆ ಐತಿಹಾಸಿಕ ಉತ್ತರವನ್ನು ಕೊಟ್ಟೆ.

“ಮೇಲೆ ಒಂದು ದಳ ಅಂದ್ರೆ?” ಎಂದರು ಅಜ್ಜಿ. ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು.

“ಲಕ್ಷ ಮೂರರಿಂದ ಭಾಗ ಹೋಗಲ್ಲ ಅಜ್ಜಿ. ಯಾವಾಗಲೂ ಒಂದು ಉಳಿಯುತ್ತೆ.”

“ಉಳಿಯೋದು ಅಂದ್ರೇನೇ? ಆರು ವರ್ಷ ಏರಿಸಿದ ಮೇಲೆ ಉಳಿಯೋದು ಅಂದ್ರೇನು?”

ಇಲ್ಲಾದರೂ ನಾನು ಬಾಯಿ ಮುಚ್ಚಬಹುದಿತ್ತು. ಆದರೆ ಕುತೂಹಲ ಕೆಟ್ಟದ್ದು. ಲಕ್ಷದಂಥ ಸಂಖ್ಯೆಯನ್ನು ನಾವು ದಿನವೂ ಬಾಯಲ್ಲಿ ಆಡುತ್ತೇವೆ, ಒಳಗೆ ಏನಿದೆ ಎಂದು ನೋಡುವುದೇ ಇಲ್ಲ. ಐದು ಎರಡುಗಳನ್ನೂ ಐದು ಐದುಗಳನ್ನೂ ಒಂದಕ್ಕೊಂದು ಗುಣಿಸಿದರೆ ಲಕ್ಷ. ಅಷ್ಟೇ, ಬೇರೆ ಏನೂ ಬೆರೆತಿಲ್ಲ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ಮೂವತ್ತಾರು. ಆ ಮೂವತ್ತಾರರಲ್ಲಿ ಮೂರು ಇಲ್ಲ. ಮೂವತ್ತಾರು ಮಾತ್ರ ಮೂರರಿಂದ ಚೆನ್ನಾಗಿ ಭಾಗ ಹೋಗುತ್ತದೆ! ಇದನ್ನೆಲ್ಲ ನಾನು ಚಾಪೆಯ ಮೇಲೆ ಹುಣಸೆ ಬೀಜ ಜೋಡಿಸುತ್ತ ಉತ್ಸಾಹದಿಂದ ವಿವರಿಸಿದೆ.

“ಹತ್ತರಲ್ಲಿ ಮೂರು ಮೂರು ತೆಗೆದರೆ ಒಂದು ಉಳಿಯುತ್ತೆ. ನೂರರಲ್ಲೂ ಒಂದೇ. ಸಾವಿರದಲ್ಲೂ ಒಂದೇ. ಕೋಟಿ ಅಂದಿದ್ದರೂ ಒಂದೇ ಉಳೀತಿತ್ತು ಅಜ್ಜಿ!”

“ಕೋಟಿ ಸುದ್ದಿ ಎತ್ತಬೇಡ ನೀನು!” ಎಂದರು ಅಜ್ಜಿ, ಹೆದರಿ.

ಅಡಿಗೆಮನೆಯಿಂದ ಅಮ್ಮ ಸೌಟು ಹಿಡಿದೇ ಬಂದಳು. “ಎಪ್ಪತ್ತು ಅಂತ ಹೇಳಿ ಸುಮ್ನಿರಕ್ಕೆ ಏನಾಗಿತ್ತೇ ನಿಂಗೆ?”

“ಎಪ್ಪತ್ತಾದರೆ ಲಕ್ಷದ ಮೇಲೆ ಎರಡು ದಳ ಹೆಚ್ಚಾಗುತ್ತಮ್ಮ.”

“ಆಗ್ಲಿ ಬಿಡು. ದೇವರಿಗೆ ತಾನೇ?”

ಅಜ್ಜಿ ತಲೆಯಾಡಿಸಿದರು. “ಅದು ಹೆಂಗಾಗ್ತದೆ? ಲಕ್ಷ ಮುಗಿದ ಮೇಲೆ ಎರಡು ಏರಿಸಿದ್ರೆ ಎರಡನೇ ಲಕ್ಷ ಶುರು ಮಾಡ್ದಂಗಲ್ವಾ? ಬಾಕಿದು ಯಾರು ಏರಿಸ್ತಾರೆ?”

“ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೆಂಟು,” ಎಂದೆ. ಯಾರೂ ಕೇಳಿರಲಿಲ್ಲ.

ಅಮ್ಮ ನನ್ನನ್ನು ಸೌಟಿನಷ್ಟೇ ಬಿಸಿಯಾಗಿ ನೋಡಿದಳು. “ಸರಿ, ಅರವತ್ತೊಂಬತ್ತು ಏರಿಸಿ, ಇನ್ನೊಂದು ಪತ್ರೆಯಿಂದ ಒಂದು ದಳ ಕಿತ್ತು ಏರಿಸಿಬಿಡಿ ಅತ್ತೆ.”

“ಹರಿದ ಪತ್ರೆ ಏರಿಸ್ತಾರೇನೇ ಯಾರಾದ್ರೂ? ಮೂರು ದಳ ಅಂದ್ರೆ ಅವನ ಮೂರು ಕಣ್ಣು. ನನ್ನ ಕಣ್ಣು ನೆಟ್ಟಗೆ ಮಾಡಿಸ್ಕೊಳ್ಳಕ್ಕೆ ಅವನ ಕಣ್ಣು ಕೀಳ್ಲಾ?”

ನಾನು ಸಮಾಧಾನ ಮಾಡಲೆಂದು ಇನ್ನೊಂದು ಹೆಜ್ಜೆ ಮುಂದಿಟ್ಟೆ. ಹಿರಿಯರು ನೂರರ ಮೇಲೆ ಎಂಟು, ಸಾವಿರದ ಮೇಲೆ ಎಂಟು ಎಂದು ಏಕೆ ಸೇರಿಸುತ್ತಿದ್ದರೋ ನನಗೆ ತಿಳಿಯದು. ಆದರೆ ಹಾಗೆ ಎಂಟು ಸೇರಿಸಿದ ಕೂಡಲೇ ಅಂಕಿಗಳ ಮೊತ್ತ ಒಂಬತ್ತಾಗಿ, ಆ ಸಂಖ್ಯೆ ಮೂರರಿಂದಲೂ ಒಂಬತ್ತರಿಂದಲೂ ಭಾಗ ಹೋಗುತ್ತದೆ. ಲಕ್ಷದ ಎಂಟಂತೂ ನೂರೆಂಟರಿಂದಲೇ ಶೇಷವಿಲ್ಲದೆ ಭಾಗ ಹೋಗುತ್ತದೆ. ನೂರೆಂಟನ್ನು ಒಂಬೈನೂರ ಇಪ್ಪತ್ತಾರು ಸಲ ಇಟ್ಟರೆ ಸರಿಯಾಗಿ ಲಕ್ಷದ ಎಂಟು! ನನಗೆ ಮೈ ಜುಮ್ಮೆಂದಿತು.

“ಅಜ್ಜಿ, ನೀನು ಲಕ್ಷದ ಎಂಟು ಅಂತ ಹರಕೆ ಹೊತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!”

“ಆರು ವರ್ಷ ಬಾಯಲ್ಲಿ ಏನು ಇಟ್ಕೊಂಡಿದ್ದೆ ನೀನು?” ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಕೂತರು. ಗೋಡೆಗೇ ಹೇಳುವವರಂತೆ ಹೇಳಿದರು. “ಆಸ್ಪತ್ರೆಗೆ ಫೋನ್ ಮಾಡಿ ಬರಲ್ಲ ಅನ್ನಿ. ಈ ಲೆಕ್ಕ ಹರೀಲಿ, ಆಮೇಲೆ ಕಣ್ಣು.”

ಅಮ್ಮ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, ಇನ್ನೊಂದು ಸಲ ಬಿದ್ದು ಸೊಂಟ ಮುರಿದುಕೊಂಡರೆ ಅದಕ್ಕೆ ನೀನೇ ಹೊಣೆ ಎಂದಳು. ಅವಳು ದನಿ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ಬೆಂಕಿಪೆಟ್ಟಿಗೆಯ ಹಿಂಬದಿಯಲ್ಲಿ ಬರೆದು ಇನ್ನೂರ ಎಂಟನ್ನು ಹತ್ತಾರು ರೀತಿಯಲ್ಲಿ ಒಡೆದು ನೋಡಿದೆ. ಮೂರುಗಳಿಂದ ಮಾತ್ರ ಇನ್ನೂರ ಎಂಟು ಆಗುವುದಿಲ್ಲ. ಆದರೆ ಅರವತ್ತೆಂಟು ಮೂರುಗಳು ಮತ್ತು ಒಂದು ನಾಲ್ಕು?

“ಅಜ್ಜೀ! ನಾಲ್ಕು ದಳದ ಪತ್ರೆ ಇರುತ್ತಾ?”

ಅಜ್ಜಿ ಗೋಡೆಯಿಂದ ಈಚೆ ತಿರುಗಿದರು. “ಇರ್ತದೆ ಕಣೇ! ಅಪರೂಪಕ್ಕೆ ಇರ್ತದೆ. ನಮ್ಮವ್ವ ಒಂದ್ಸಲ ತೋರಿಸಿದ್ಲು. ಬಲು ಶ್ರೇಷ್ಠ ಅದು.”

“ಹಾಗಾದರೆ ಅಂಥದ್ದು ಒಂದು, ಮಾಮೂಲಿದು ಅರವತ್ತೆಂಟು. ಸರಿಯಾಗಿ ಲಕ್ಷ!”

“ಹುಡ್ಕೊಂಡು ಬಾ,” ಎಂದರು ಅಜ್ಜಿ. “ನಾಳೆ ಕತ್ತಲಾಗೋದ್ರೊಳಗೆ ತಂದ್ರೆ ಮಂಗಳವಾರ ಬರ್ತೀನಿ. ಇಲ್ದಿದ್ರೆ ಇಲ್ಲ.”

ಭಾನುವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಅಮ್ಮ ಕೇಳಿದಳು. “ಪಕ್ಕದ ಮನೆ ಮರ ಬಿಟ್ಟು ಎಲ್ಲಿಗೇ ಹೊರಟೆ?”

ನಾನು ತಾಳ್ಮೆಯಿಂದ ತಿಳಿಸಿಕೊಟ್ಟೆ. ಆ ಮರದಿಂದ ಇದುವರೆಗೆ ಮೂವತ್ತಮೂರು ಸಾವಿರಕ್ಕೂ ಹೆಚ್ಚು ಪತ್ರೆ ನಮ್ಮ ಮನೆಗೆ ಬಂದಿದೆ. ಅಜ್ಜಿ ಪ್ರತಿಯೊಂದನ್ನೂ ಮುಟ್ಟಿ ನೋಡಿದ್ದಾರೆ. ಅಷ್ಟರಲ್ಲಿ ಒಂದೇ ಒಂದು ನಾಲ್ಕು ದಳದ್ದಿಲ್ಲ. ಅಂದಮೇಲೆ ಆ ಮರದಲ್ಲಿ ಅದು ಇರುವ ಸಂಭವ ಸೊನ್ನೆ ಎಂದೇ ತಿಳಿಯಬೇಕು. ಸಂಭವನೀಯತೆಯ ಶಾಸ್ತ್ರ ಹೇಳುವುದು ಹೀಗೆ. ಬೇರೆ ಮರವನ್ನೇ ಹುಡುಕಬೇಕು.

“ಹಂಗಾ?” ಎಂದಳು ಅಮ್ಮ. ಅವಳಿಗೆ ನನ್ನ ಶಾಸ್ತ್ರದ ಮೇಲೆ ಆಗ ಇನ್ನೂ ಸ್ವಲ್ಪ ಗೌರವ ಉಳಿದಿತ್ತು.

ದಾರಿಯಲ್ಲಿ ರಜಿಯಾ ಆಂಟಿ ಗೇಟಿನಲ್ಲೇ ಸಿಕ್ಕರು. ನಾನು, “ಆಂಟಿ, ಈ ಸಲ ಅರವತ್ತೆಂಟು ಪತ್ರೆ ಸಾಕು,” ಎಂದಷ್ಟೇ ಹೇಳಿದೆ.

“ಯಾಕಮ್ಮ, ನೂರೆಂಟು ಅಲ್ವಾ?”

“ಇಲ್ಲ ಆಂಟಿ. ಅರವತ್ತೆಂಟು.”

ಇನ್ನೊಂದು ಮಾತಾಡಲಿಲ್ಲ. ನಮ್ಮ ಮನೆಯ ಶೇಷ ನಮ್ಮ ಮನೆಯಲ್ಲಿರಲಿ, ಬೀದಿಗೇಕೆ? ನಾನು ಮೊದಲಿನಿಂದಲೂ ಹೀಗೆ. ಹೇಳಬಾರದ ಕಡೆ ವಿವರವಾಗಿ ಹೇಳುತ್ತೇನೆ. ಒಂದು ಮಾತು ಹೇಳಿದ್ದರೆ ಸಾಕಿದ್ದ ಕಡೆ ಗಾಂಭೀರ್ಯ ಬಂದುಬಿಡುತ್ತದೆ.

ಅಜ್ಜಂಪುರದಲ್ಲಿ ನಮ್ಮ ಸೋದರಮಾವ ಶಿವಣ್ಣನವರ ಮನೆಯಿದೆ. ಅವರ ಬಾವಿಯ ಸುತ್ತ ಮೂರು ಬಿಲ್ವದ ಮರಗಳಿವೆ. ಮಾವ ಏಣಿ ಹಾಕಿಕೊಟ್ಟು, ತಾವು ಬಾವಿಕಟ್ಟೆಯ ಮೇಲೆ ಕೂತರು. ನಾನು ಏಣಿ ಹತ್ತಿ, ಕೊಂಬೆಗೊಂದು ಕ್ರಮಸಂಖ್ಯೆ ಕೊಟ್ಟು, ಎಡದಿಂದ ಬಲಕ್ಕೆ ನೋಡತೊಡಗಿದೆ. ಬಿಲ್ವದ ಮರಕ್ಕೆ ಮುಳ್ಳಿರುತ್ತದೆ ಎಂಬುದು ಯಾವ ಲೆಕ್ಕದಲ್ಲೂ ಬಂದಿರಲಿಲ್ಲ. ಅದು ನನ್ನ ಮೊಣಕೈಗೆ ಬೇಗನೆ ತಿಳಿಯಿತು.

“ಏನಮ್ಮ ಶೈಲಾ, ಮರದಲ್ಲಿ ಹೇನು ನೋಡ್ತಿದ್ದೀಯಾ?”

“ನಾಲ್ಕು ದಳದ್ದು ಹುಡುಕುತ್ತಿದ್ದೀನಿ ಮಾವ.”

“ಮೂರಿರೋದು ಸಾಲ್ದಾ ನಿಮ್ಮಜ್ಜಿಗೆ?”

ಎರಡು ಗಂಟೆ ಕಳೆಯಿತು. ಎರಡನೆಯ ಮರದಲ್ಲಿ ಒಂದು ಪತ್ರೆ ಗಾಳಿಗೆ ಬೇರೆಯದೇ ರೀತಿ ಆಡಿತು. ಎಣಿಸಿದೆ. ಮೂರಲ್ಲ! ಏಣಿಯಲ್ಲಿ ಇನ್ನೊಂದು ಮೆಟ್ಟಿಲು ಹತ್ತಿದೆ. ಮತ್ತೆ ಎಣಿಸಿದೆ. ಐದು.

ಮಾವನ ಹೆಂಡತಿ, ನಮ್ಮ ಅತ್ತೆ, ಕೆಳಗಿನಿಂದಲೇ ಕೈ ಮುಗಿದರು. “ಐದು ದಳದ ಬಿಲ್ವ! ನಮ್ಮ ಮನೇಲಿ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಪುಣ್ಯ ಮಾಡಿದ್ದೆ ಕಣಮ್ಮ.”

“ಇದು ಆಗಲ್ಲ ಅತ್ತೆ,” ಎಂದೆ.

“ಯಾಕಾಗಲ್ಲ?”

“ಐದರಲ್ಲಿ ಮೂರು ಹೋದರೆ ಎರಡು ಉಳಿಯುತ್ತೆ. ನನಗೆ ಒಂದು ಉಳಿಯೋದು ಬೇಕು. ಇಂಥದ್ದು ಇನ್ನೊಂದಿದ್ದರೆ ಎರಡೂ ಸೇರಿ ಹತ್ತಾಗಿ ಒಂದು ಉಳಿಯುತ್ತಿತ್ತು. ಒಂದೇ ಐದು ಪ್ರಯೋಜನವಿಲ್ಲ. ಇದು ನಿಮಗಿರಲಿ.”

ಮಾವ ಬಾವಿಕಟ್ಟೆಯಿಂದ ಎದ್ದೇ ನಿಂತರು. “ಐದು ಬ್ಯಾಡ, ನಾಲ್ಕು ಕೊಡಿ ಅನ್ನಕ್ಕೆ ಇದೇನು ಬಳೆ ಅಂಗಡೀನಾ? ಶಿವ ಜಾಸ್ತಿ ಕೊಟ್ರೆ ವಾಪಸ್ ಕೊಡೋಳನ್ನ ಇವತ್ತೇ ನೋಡಿದ್ದು ಕಣ್ರಪ್ಪ!”

ಸುತ್ತಮುತ್ತಲಿನ ನಾಲ್ಕು ಮನೆಯವರು ಬಂದು ಐದು ದಳದ ಪತ್ರೆಗೆ ಕೈ ಮುಗಿದು, ಅದನ್ನು ಬೇಡವೆಂದ ಹುಡುಗಿಯನ್ನು ಕುತೂಹಲದಿಂದ ನೋಡಿ ಹೋದರು. ನಾಲ್ಕರ ಸುಮಾರಿಗೆ, ನಾನು ಮೂರನೆಯ ಮರದ ಹನ್ನೊಂದನೆಯ ಕೊಂಬೆಯಲ್ಲಿದ್ದಾಗ, ಅತ್ತೆ ಪಾತ್ರೆ ತೊಳೆಯುತ್ತ ಕೂತಲ್ಲಿಂದಲೇ ಕೈ ಚಾಚಿ, ತಲೆಗೆ ತಾಗುತ್ತಿದ್ದ ಒಂದು ಪತ್ರೆ ಕಿತ್ತು, “ಇದಾಗ್ತದಾ ನೋಡು,” ಎಂದರು.

ನ್ಯಾಯವಾದ, ಪೂರ್ಣವಾದ, ನಾಲ್ಕು!

ನೋಟ್ ಪುಸ್ತಕದ ಹಾಳೆಗಳ ನಡುವೆ ಅದನ್ನು ಮಲಗಿಸಿ, ಪುಸ್ತಕವನ್ನು ಎದೆಗವಚಿಕೊಂಡು ಬಸ್ ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು, ಪುಸ್ತಕವನ್ನು ಆರತಿ ತಟ್ಟೆಯಂತೆ ಹಿಡಿದು ನಿಂತೆ. ಎಲ್ಲವೂ ಕ್ಷೇಮವಾಗಿತ್ತು. ಆಗ ಕಂಡಕ್ಟರ್ ಬಂದರು.

“ಮೇಡಂ, ಆಧಾರ್ ತೋರಿಸಿ.”

ಆಧಾರ್ ಬ್ಯಾಗಿನ ತಳದಲ್ಲಿತ್ತು. ನನಗಿದ್ದದ್ದು ಎರಡೇ ಕೈ. ಸೀಟಿನಲ್ಲಿ ಕೂತಿದ್ದ, ಮಾತಿನಿಂದ ಯಗಟಿ ಕಡೆಯವರೆನಿಸಿದ ಹೆಂಗಸೊಬ್ಬರು ಕೈ ಚಾಚಿದರು. “ಕೊಡವ್ವ, ಹಿಡ್ಕಂತೀನಿ.” ಕೊಟ್ಟೆ. ಒಳಗೆ ಏನಿದೆ ಎಂದು ಹೇಳಬಹುದಿತ್ತು. ಅಪರಿಚಿತರಿಗೆ ಏನೆಂದು ಹೇಳುವುದು? ನಾನು ಚೀಟಿ ತೆಗೆದುಕೊಂಡು ತಿರುಗುವಷ್ಟರಲ್ಲಿ ಅವರು “ಏನ್ ಸೆಕೆ ಶಿವನೇ” ಎನ್ನುತ್ತ ನನ್ನ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು!

ನಾಲ್ಕನೆಯ ಬೀಸಿಗೆ ಪತ್ರೆ ಹಾರಿ ಅವರ ಮಡಿಲಿಗೆ ಬಿತ್ತು.

“ಅಯ್ಯೋ, ಪತ್ರೆ! ಮಹಾದೇವ!” ಎಂದು ಅವರು ಅದನ್ನು ತೆಗೆದು ಬಲಗಣ್ಣಿಗೆ ಒತ್ತಿಕೊಂಡರು. ಎಡಗಣ್ಣಿಗೆ ಒತ್ತಿಕೊಂಡರು. ಅಷ್ಟು ಗಟ್ಟಿಯಾದ ಭಕ್ತಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. “ತಗಾ ತಾಯಿ, ಜೋಪಾನ,” ಎಂದು ವಾಪಸ್ ಕೊಟ್ಟದ್ದು ಮೂರು ದಳದ ಪತ್ರೆ. ನಾಲ್ಕನೆಯದು ಅವರ ರೆಪ್ಪೆಯ ಕೆಳಗೆ ಅಂಟಿಕೊಂಡಿತ್ತು. ಅದನ್ನು ಕೇಳಿ ಈಸಿಕೊಳ್ಳಲು ನಾನು ಮೂರು ಸ್ಟಾಪುಗಳಷ್ಟು ಧೈರ್ಯ ಕೂಡಿಸಬೇಕಾಯಿತು.

ಮನೆಯಲ್ಲಿ ಅಮ್ಮ ಎರಡು ತುಂಡುಗಳನ್ನೂ ದೀಪದ ಬೆಳಕಿಗೆ ಹಿಡಿದು ನೋಡಿ, ಅಜ್ಜಿಗೆ ಕೇಳದಂತೆ ಹೇಳಿದಳು. “ಅತ್ತೆಗೆ ಹೆಂಗಿದ್ರೂ ಕಾಣಲ್ಲ. ಅನ್ನದ ಅಗುಳು ತಗೊಂಡು ಅಂಟಿಸು.”

“ಅದು ಸುಳ್ಳಾಗುತ್ತಮ್ಮ.”

“ನಿನ್ನ ಸತ್ಯದಿಂದಾಗಿರೋದು ಸಾಲ್ದಾ?”

ಅಂಟಿಸಿದೆ. ಒಂದೇ ಅಗುಳು. ಬಹಳ ಅಚ್ಚುಕಟ್ಟಾಗಿ ಅಂಟಿಸಿದೆ.

ಸೋಮವಾರ ಬೆಳಿಗ್ಗೆ ಅಜ್ಜಿ ಮಡಿಯುಟ್ಟು ದೇವರ ಮುಂದೆ ಕೂತರು. ರಜಿಯಾ ಆಂಟಿ ಅರವತ್ತೆಂಟು ಪತ್ರೆಯ ಬುಟ್ಟಿ ತಂದು ಹೊಸ್ತಿಲ ಬಳಿ ಇಟ್ಟು, ಕೊನೆಯ ಸೋಮವಾರವೆಂದು ಅಲ್ಲೇ ಕೂತರು. ಅಜ್ಜಿ ಮೊದಲು ನಾಲ್ಕು ದಳದ್ದನ್ನು ಕೇಳಿದರು. ನಾನು ಅಂಗೈಯಲ್ಲಿಟ್ಟೆ. ಅವರ ಹೆಬ್ಬೆರಳು ದಳದಿಂದ ದಳಕ್ಕೆ ಹೋಯಿತು. ಒಂದು. ಎರಡು. ಮೂರು. ನಾಲ್ಕನೆಯದರ ಬುಡದಲ್ಲಿ ನಿಂತಿತು.

“ಇದ್ಯಾಕೇ ಅಂಟಂಟು?”

ಅಜ್ಜಿ ಮೂಗಿನ ಬಳಿ ಹಿಡಿದರು.

“ನಿನ್ನೆ ಅನ್ನ,” ಎಂದರು.

ಮೂವತ್ತಮೂರು ಸಾವಿರ ಪತ್ರೆ ಮುಟ್ಟಿದ ಬೆರಳುಗಳಿಗೆ ಕಣ್ಣಿನ ಅಗತ್ಯ ಇಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಜ್ಜಿ ಬಯ್ಯಲಿಲ್ಲ. ಪತ್ರೆಯನ್ನು ನನ್ನ ಕೈಗೆ ವಾಪಸಿಟ್ಟು, “ಆಸ್ಪತ್ರೆಗೆ ಫೋನ್ ಮಾಡು ಮಗಾ,” ಎಂದರು. ಒಂದು ದಳಕ್ಕಾಗಿ ಈಕೆ ಇನ್ನೆಷ್ಟು ದಿನ ಗೋಡೆ ತಡವುತ್ತ ಓಡಾಡಬೇಕು?

“ಏನಾಯ್ತು ಅಜ್ಜಿ? ಯಾಕೆ ಎಲ್ಲಾ ಹಿಂಗೆ ಕೂತಿದ್ದೀರಾ?” ರಜಿಯಾ ಆಂಟಿ ಹೊಸ್ತಿಲಿಂದ ಕೇಳಿದರು. ನಾನು ಎರಡು ದಿನದಿಂದ ಗುಟ್ಟಾಗಿಟ್ಟಿದ್ದ ಸಂಗತಿಯನ್ನು ಅಮ್ಮ ಎರಡೇ ವಾಕ್ಯದಲ್ಲಿ ಹೇಳಿದಳು.

“ಅರೆ! ನಾಲ್ಕೆಲೆದಾ? ಅದು ನಮ್ಮ ಮರದಲ್ಲಿ ವಾರಕ್ಕೆ ಒಂದೆರಡು ಇದ್ದೇ ಇರ್ತದಲ್ಲಾ!”

ನಾನು ಬುಟ್ಟಿಯ ಕಡೆ ಬಗ್ಗಿದೆ. “ಮತ್ತೆ ಬುಟ್ಟಿಯಲ್ಲಿ ಒಂದೂ ಬಂದಿಲ್ಲವಲ್ಲ ಆಂಟಿ?”

“ಹೆಂಗೆ ಬರ್ತದೆ? ಮೂರೇ ಇರ್ಬೇಕು, ತೂತಿರ್ಬಾರ್ದು, ಹರಿದಿರ್ಬಾರ್ದು ಅಂತ ಅಜ್ಜಿ ಮೊದ್ಲೇ ಹೇಳಿದ್ರಲ್ಲಾ. ಎರಡಿರೋದು, ನಾಲ್ಕಿರೋದು ಎಲ್ಲಾ ಡ್ಯಾಮೇಜ್ ಅಂತ ಆರಿಸಿ ತೆಗೆದುಬಿಡ್ತೀನಿ.”

ಮೂವತ್ತಮೂರು ಸಾವಿರದಲ್ಲಿ ಒಂದೂ ಇಲ್ಲ, ಆದ್ದರಿಂದ ಮರದಲ್ಲೇ ಇಲ್ಲ! ಆರಿಸಿ ತಂದ ಬುಟ್ಟಿಯನ್ನು ನೋಡಿ ಮರದ ಬಗ್ಗೆ ತೀರ್ಪು ಕೊಡಬಾರದು ಎಂದು ಪ್ರತಿವರ್ಷ ತರಗತಿಯಲ್ಲಿ ಅರ್ಧ ಗಂಟೆ ಹೇಳುವವಳು ನಾನು. ಅಮ್ಮ ನನ್ನ ಕಡೆ ನೋಡಿದಳು. ಶಾಸ್ತ್ರದ ಮೇಲಿನ ಗೌರವ ಅಲ್ಲಿಗೆ ಮುಗಿಯಿತು.

“ತೆಗೆದು ಏನು ಮಾಡ್ತೀಯೇ?” ಅಜ್ಜಿ ಕೇಳಿದರು.

“ನಮ್ಮ ಮನೆಯವರಿಗೆ ಶುಗರ್ ಅಲ್ವಾ ಅಜ್ಜಿ. ಕಷಾಯ ಕುದಿಸಿ ಕುಡಿಸ್ತೀನಿ. ಈಗ ಎಷ್ಟೋ ಇಳಿದಿದೆ.”

ಆಂಟಿಯ ಯಜಮಾನರು ಖಾದರ್ ಅಂಕಲ್. ಬಸ್ ನಿಲ್ದಾಣದ ಹತ್ತಿರ ಬೇಕರಿ ಇಟ್ಟಿದ್ದಾರೆ, ಸ್ವತಃ ಸಕ್ಕರೆ ಮುಟ್ಟುವಂತಿಲ್ಲ. ಆರು ವರ್ಷದ ಅತಿ ಶ್ರೇಷ್ಠ ಬಿಲ್ವವನ್ನೆಲ್ಲ ಒಬ್ಬರೇ ಕುಡಿದವರು ಅವರು!

“ಈ ವಾರದ್ದು?” ನಾನು ಕೇಳಿದೆ.

“ಈಗ ತಾನೇ ಪಾತ್ರೆಗೆ ಹಾಕಿ, ಒಲೆ ಹಚ್ಚಿ ಅಂತ ಅವರಿಗೆ ಹೇಳಿ ಬಂದೆ...”

ಸೋಮವಾರ ಮರ ಮುಟ್ಟುವಂತಿಲ್ಲ. ಇದ್ದದ್ದು ಆ ಪಾತ್ರೆಯಲ್ಲಿ ಮಾತ್ರ. ಬೀದಿಯಲ್ಲಿ ತಲೆಯೆತ್ತಿ ನಡೆಯಲೂ ಸಂಕೋಚಪಡುವ ನಾನು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಬರಿಗಾಲಲ್ಲಿ, “ಅಂಕಲ್, ಕುದಿಸಬೇಡಿ! ಕುದಿಸಬೇಡಿ!” ಎಂದು ಕೂಗುತ್ತ ಓಡಿದೆ. ಹಾಲಿನವನು ಸೈಕಲ್ ನಿಲ್ಲಿಸಿದ. ಎದುರು ಮನೆಯ ಮೇಷ್ಟ್ರು ಪೇಪರ್ ಕೆಳಗಿಳಿಸಿದರು.

ಖಾದರ್ ಅಂಕಲ್ ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೈಕಟ್ಟಿ ನಿಂತಿದ್ದರು. ಒಲೆಯ ಮೇಲೆ ಪಾತ್ರೆ, ಪಾತ್ರೆಯಲ್ಲಿ ನೀರು, ನೀರಿನಲ್ಲಿ ಎಲೆ. ಕೆಳಗೆ ಉರಿ ಇರಲಿಲ್ಲ.

“ಹಚ್ಚಲಿಲ್ವಾ ಅಂಕಲ್?”

ಅಂಕಲ್ ಸುತ್ತ ನೋಡಿ ದನಿ ಇಳಿಸಿದರು. “ಅವಳು ಹೊರಗೆ ಹೋದ ದಿನ ನಾನು ಹಚ್ಚೋದಿಲ್ಲ ಬೇಟಿ. ಚೆಲ್ಲಿ, ಲೋಟ ತೊಳೆದು ಇಟ್ಟುಬಿಡ್ತೀನಿ. ಬೇವಿಗಿಂತ ಕಹಿ. ಅವಳಿಗೆ ಹೇಳ್ಬೇಡ, ಆಯ್ತಾ?”

ಜೀವನದಲ್ಲಿ ಮೊದಲ ಬಾರಿಗೆ, ಏನನ್ನೂ ವಿವರಿಸದೆ, ಆಯ್ತು ಎಂದೆ.

ತಣ್ಣೀರಿನಲ್ಲಿ ಕೈಯಾಡಿಸಿದೆ. ಎರಡರದ್ದು, ಎರಡರದ್ದು, ತೂತಿನದ್ದು, ಮತ್ತೆ ಎರಡರದ್ದು. ಪಾತ್ರೆಯ ತಳದಲ್ಲಿ, ಹಸಿರಾಗಿ, ಇಡಿಯಾಗಿ, ನಾಲ್ಕು. ಅಂಕಲ್ ಕೂಡ ಎಣಿಸಿದರು. “ಚಾರ್,” ಎಂದರು, ನನಗಿಂತ ಸಂತೋಷವಾಗಿ. ಕಷಾಯ ತಪ್ಪಿತಲ್ಲ!

ಅಜ್ಜಿಯ ಹೆಬ್ಬೆರಳು ಮತ್ತೊಮ್ಮೆ ದಳದಿಂದ ದಳಕ್ಕೆ ನಡೆಯಿತು. ನಾಲ್ಕನೆಯದರ ಬುಡದಲ್ಲಿ ನಿಂತಿತು. ಉಗುರಿನಿಂದ ಮೆಲ್ಲಗೆ ಕೆರೆಯಿತು.

“ಹೂಂ. ಹುಟ್ಟಿದ್ದು ಇದು,” ಎಂದರು ಅಜ್ಜಿ.

ಅರವತ್ತೆಂಟು ಏರಿತು. ಕೊನೆಗೆ ನಾಲ್ಕು ದಳದ್ದು ಏರಿತು. ಅಜ್ಜಿ ಬಹಳ ಹೊತ್ತು ಕೈ ಮುಗಿದು ಕೂತಿದ್ದು, ಆಮೇಲೆ ರಜಿಯಾ ಆಂಟಿಯ ಕಡೆ ತಿರುಗಿ, “ನಿನ್ನ ಗಂಡಂಗೆ ಶುಗರ್ ಯಾಕೆ ಇಳೀತು ಅಂತ ಈಗ ಗೊತ್ತಾಯ್ತು ನೋಡು,” ಎಂದರು. ಆಂಟಿ ಹೆಮ್ಮೆಯಿಂದ ತಲೆದೂಗಿದರು. ನಾನು ನೆಲ ನೋಡಿದೆ. “ಏಳ್ರೇ ಎಲ್ಲಾ. ನಾಳೆ ಆಸ್ಪತ್ರೆಗೆ ಯಾವ ಸೀರೆ ಉಡ್ಲಿ?”

ಮರುದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ ಶಿವಮೊಗ್ಗದ ಆಸ್ಪತ್ರೆಯ ಕೌಂಟರಿನ ಸಾಲಿನಲ್ಲಿ ನಿಂತು ಅಜ್ಜಿಯ ಫಾರಂ ತುಂಬಿದೆ. ವಯಸ್ಸು ಎಂಬಲ್ಲಿ ಪೆನ್ನು ತಡೆಯಿತು. ಆಧಾರ್ ಕಾರ್ಡಿನ ಪ್ರಕಾರ ಎಪ್ಪತ್ತೆಂಟು. ಅಮ್ಮನ ಲೆಕ್ಕದಲ್ಲಿ ಎಪ್ಪತ್ತೇಳು. ಅಜ್ಜಿಯನ್ನು ಕೇಳಿದರೆ ಎಂಬತ್ತಾಗಿ ಎಷ್ಟೋ ದಿನವಾಯಿತು. ಹಿಂದಿನ ನಾನಾಗಿದ್ದರೆ ಮೂರಕ್ಕೂ ಆಧಾರ ಕೇಳಿ ಸಾಲನ್ನೇ ನಿಲ್ಲಿಸುತ್ತಿದ್ದೆ. ಎರಡು ದಿನದ ಪಾಠ ಮೈಗೆ ಹತ್ತಿತ್ತು. ದೊಡ್ಡ ಮನಸ್ಸು ಮಾಡಿ ‘ಸುಮಾರು 78’ ಎಂದು ಬರೆದು, ನನ್ನನ್ನು ನಾನೇ ಮೆಚ್ಚಿಕೊಂಡು ಒಳಗೆ ಕೊಟ್ಟೆ.

ಕೌಂಟರಿನ ಹುಡುಗಿ ಅದನ್ನು ಹಾಗೆಯೇ ಈಚೆಗೆ ತಳ್ಳಿದಳು.

“ಮೇಡಂ, ಸುಮಾರು ಗಿಮಾರು ಅಂತೆಲ್ಲ ಬರೀಬಾರ್ದು ಇಲ್ಲಿ. ಓದಿರೋರ ತರ ಕಾಣ್ತೀರಾ. ಒಂದು ನಂಬರ್ ಸರಿಯಾಗಿ ಬರೆಯಕ್ಕೆ ಬರಲ್ವಾ?”

ಹೊಡೆದು ತಿದ್ದಿದ ಫಾರಂ ನಡೆಯುವುದಿಲ್ಲವಂತೆ. ಹೊಸದನ್ನು ಈಸಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತು, ಎಪ್ಪತ್ತೆಂಟು ಎಂದು ಮೊದಲಿನಿಂದ ಬರೆದೆ.